ವೇಲ್ಸ್‌ಗೆ ಇಟ್ಟ ಪರಸ್ಥಾನ

ಇಪ್ಪತ್ತೆರಡು ವರ್ಷಗಳಲ್ಲಿ ನಾನು ಬಟು ಗುಹೆಗಳ ದೇವಸ್ಥಾನದ ಮೆಟ್ಟಿಲನ್ನು ಅರವತ್ತೊಂದು ಸಲ ಹತ್ತಿದ್ದೇನೆ. ಭಕ್ತಿಯಿಂದ ಹತ್ತಿದ್ದು ಒಂದೇ ಸಲ. ಉಳಿದ ಅರವತ್ತೂ ಮೈಸೂರಿನಿಂದ ಬಂದ ನೆಂಟರನ್ನು ಹತ್ತಿಸಲು. ಕಡಲಾಚೆಯ ಪುಚೊಂಗ್‌ನಲ್ಲಿ ವಾರಿಜಾಕ್ಷಿಯ ಫ್ಲಾಟ್ ಇದೆ, ಊಟ ವಸತಿ ಗೈಡು ಎಲ್ಲ ಅವಳೇ ಎಂಬ ಸುದ್ದಿ ನನ್ನ ಗಂಡ ದೇವದಾಸರ ಬಳಗದಲ್ಲಿ ಯಾವಾಗ ಹಬ್ಬಿತೋ, ಅಂದಿನಿಂದ ನನ್ನ ಕೊಡೆ ಮೇಲೆ, ತಲೆ ಕೆಳಗೆ. ಕೊಡೆ ಎತ್ತಿ ಮುಂದೆ ನಡೆಯುವುದು, ಹಿಂತಿರುಗಿ ತಲೆ ಎಣಿಸುವುದು. ಇದೇ ನನ್ನ ಉದ್ಯೋಗ.

ಒಮ್ಮೆ ಮೆಲಾಕಾದಲ್ಲಿ ಹೀಗೇ ಎಣಿಸಿದೆ. ಹನ್ನೆರಡು ತಲೆ, ಹನ್ನೆರಡೂ ವ್ಯಾನಿನಲ್ಲಿ. "ಎಲ್ಲಾ ಬಂದ್ರು" ಎಂದು ಡ್ರೈವರಿಗೆ ಹೇಳಿ, ಯಾರೋ ಮರೆತಿದ್ದ ಟೋಪಿ ತರಲು ಕೆಂಪು ಚರ್ಚಿನ ಬಳಿ ಓಡಿದೆ. ಎಲ್ಲಾ ಬಂದ ಮೇಲೆ ಡ್ರೈವರಿಗೇನು? ಹೊರಟೇಬಿಟ್ಟ. ಒಂದೂವರೆ ಗಂಟೆಯ ನಂತರ ಪುಳಿಯೋಗರೆ ಎಲ್ಲಿ ಎಂಬ ಪ್ರಶ್ನೆ ಎದ್ದಾಗಲೇ ನಾನೆಲ್ಲಿ ಎಂಬ ಪ್ರಶ್ನೆಯೂ ಎದ್ದಿತಂತೆ. ಡಬ್ಬಿ ನನ್ನ ಹೆಗಲ ಚೀಲದಲ್ಲಿತ್ತು. ನಮ್ಮೆಜಮಾನರೂ ಅದೇ ವ್ಯಾನಿನಲ್ಲಿದ್ದರು, ಕಿಟಕಿ ಪಕ್ಕದ ಸೀಟಿನಲ್ಲಿ. ಎಲ್ಲರೂ ಈ ಕಥೆಯನ್ನು ಹೇಳಿಕೊಂಡು ಇಂದಿಗೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅಂದು ಆ ಟೋಪಿ ಹಿಡಿದು ರಸ್ತೆಯಲ್ಲಿ ನಿಂತಾಗ ಅತ್ತಿದ್ದೆ.

ಹಲ್ಲಿನ ಡಾಕ್ಟರ ಶಾಪಿನಲ್ಲಿ ಆ ಬಣ್ಣದ ಹಾಳೆ ಸಿಕ್ಕಿತು. ವೇಲ್ಸ್ ದೇಶದಲ್ಲಿ ಎಂಟು ದಿನದ ಪ್ರವಾಸ, ಸಣ್ಣ ಬಸ್ಸು, ಹದಿನಾರು ಜನ. ಕೋಟೆ, ಬೆಟ್ಟ, ಕಲ್ಲಿದ್ದಲು ಗಣಿ, ಕುರಿ. ಅದೆಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಪ್ರತಿ ನಿಲುಗಡೆಯಲ್ಲೂ ನಿಮ್ಮ ಗೈಡ್ ತಲೆ ಎಣಿಸುತ್ತಾರೆ, ನೀವು ನಿಶ್ಚಿಂತೆಯಿಂದ ಕೂತಿರಿ.

"ವೇಲ್ಸ್‌ನಲ್ಲಿ ಏನಿದ್ಯೇ?" ಎಂದರು ಇವರು.

"ಕೋಟೆ ಇದೆ."

"ಕೋಟೆ ಚಿತ್ರದುರ್ಗದಲ್ಲಿಲ್ವಾ?"

"ಚಿತ್ರದುರ್ಗಕ್ಕೆ ಚಿತ್ರಾನ್ನ ನಾನೇ ಕಟ್ಕೊಂಡು ಹೋಗ್ಬೇಕು. ವೇಲ್ಸ್‌ನಲ್ಲಿ ಯಾರೋ ಒಬ್ರು ನನ್ನ ಎಣಿಸ್ತಾರೆ. ಅಷ್ಟು ಸಾಕು."

ಇವರು ತಲೆ ಕೆರೆದುಕೊಂಡು ಒಪ್ಪಿದರು. ಪ್ರಯಾಣ 2020ರ ಮಾರ್ಚ್ ಇಪ್ಪತ್ತು, ಶುಕ್ರವಾರ. ಮೈಸೂರಿನಿಂದ ಇವರ ಸೋದರತ್ತೆ ಕಾಂತಮ್ಮನವರ ಫೋನು ಬಂತು. ಎಂಬತ್ತಾರು ವರ್ಷ, ಪಂಚಾಂಗ ಬಾಯಿಪಾಠ.

"ಶುಕ್ರವಾರ ಪಶ್ಚಿಮಕ್ಕೆ ಶೂಲೆ ಕಣೇ! ಸೋಮವಾರವೇ ಪರಸ್ಥಾನ ಇಟ್ಬಿಡು."

ಹೊರಡುವ ದಿನ ಒಳ್ಳೆಯದಲ್ಲದಿದ್ದರೆ ಒಳ್ಳೆಯ ಗಳಿಗೆಯಲ್ಲಿ ಪೆಟ್ಟಿಗೆಯನ್ನಾದರೂ ಮೊದಲೇ ಹೊರಡಿಸಿ ಬೇರೆಯವರ ಮನೆಯಲ್ಲಿಡುವುದು. ಅದಕ್ಕೆ ಪರಸ್ಥಾನ ಅನ್ನುತ್ತಾರೆ. ಪೆಟ್ಟಿಗೆ ಹೊರಟರೆ ಪ್ರಯಾಣ ಹೊರಟ ಹಾಗೆಯೇ ಲೆಕ್ಕ. ಸೋಮವಾರ ಮಧ್ಯಾಹ್ನ ನಾಲ್ಕಕ್ಕೆ ಅರಿಶಿನ ಕುಂಕುಮ ಹಚ್ಚಿ ನನ್ನ ನೀಲಿ ಸೂಟ್‌ಕೇಸನ್ನು ಎದುರು ಮನೆಯ ಝುಬೇದಾಳಿಗೆ ಒಪ್ಪಿಸಿದೆ. ಅವಳು ಹುಬ್ಬಳ್ಳಿಯವಳು, ಗಂಡ ರಶೀದ್ ಎಂಜಿನಿಯರ್. "ಪೆಟ್ಟಿಗಿ ನಮ್ಮನ್ಯಾಗ ಆರಾಮ ಇರ್ತೈತಿ, ನೀವೇನ್ ಕಾಳಜಿ ಮಾಡಬ್ಯಾಡ್ರಿ" ಎಂದಳು.

ಅದೇ ಸಂಜೆ ಟಿ.ವಿ.ಯಲ್ಲಿ ಘೋಷಣೆಯಾಯಿತು. ಬುಧವಾರದಿಂದ ದೇಶಕ್ಕೆ ದೇಶವೇ ಬೀಗ. ಎರಡು ದಿನ ಬಿಟ್ಟು ಪ್ರವಾಸ ರದ್ದಾಯಿತೆಂಬ ಈಮೇಲೂ ಬಂತು. ನಾನು ಅಡುಗೆಮನೆಯಲ್ಲಿ ನಿಂತು ಚೆನ್ನಾಗಿ ಅತ್ತೆ. ಇವರು ಸಮಾಧಾನ ಮಾಡಲು ಬಂದವರು ಡಬ್ಬಿಗಳನ್ನು ತೆಗೆದು ನೋಡಿ ಕೇಳಿದರು, "ಕಾಫಿ ಪುಡಿ ಎಲ್ಲಿ?"

ಕಾಫಿ ಪುಡಿ ಸೂಟ್‌ಕೇಸಿನಲ್ಲಿತ್ತು. ಎರಡು ಕೇಜಿ, ಮೈಸೂರಿನದು, ಫಿಲ್ಟರಿನ ಸಮೇತ. ವೇಲ್ಸ್‌ನಲ್ಲಿ ಎಂಥ ಕಾಫಿ ಸಿಗುತ್ತದೋ ಯಾರಿಗೆ ಗೊತ್ತು?

"ಅಷ್ಟೇ ತಾನೆ? ಎದುರುಮನೆ. ತಂದ್ಬಿಡ್ತೀನಿ" ಎಂದು ಇವರು ಚಪ್ಪಲಿ ಮೆಟ್ಟಿದರು. ಪ್ರವಾಸ ರದ್ದಾದದ್ದು ಕೇಳಿ ಫೋನು ಮಾಡಿದ್ದ ಕಾಂತಮ್ಮತ್ತೆ ಇನ್ನೂ ಲೈನಿನಲ್ಲಿದ್ದರು. "ದೇವೂ! ಇಟ್ಟ ಪರಸ್ಥಾನ ವಾಪಸ್ ತಂದ್ರೆ ಪ್ರಯಾಣವೇ ಮುರಿದ ಹಾಗೆ! ಇನ್ನು ಜನ್ಮದಲ್ಲಿ ಅವಳು ಹೋಗೋಲ್ಲ. ಬಿಚ್ಚೋ ಹಾಗೂ ಇಲ್ಲ!"

ಚಪ್ಪಲಿ ಕಳಚಿದರು. ನಮ್ಮ ಕಡೆಯ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ತರೋಣವೆಂದರೆ ಹತ್ತು ಕಿಲೋಮೀಟರಿನ ಆಚೆ ಯಾರೂ ಕದಲುವಂತಿಲ್ಲ. ಎದುರು ಬಾಗಿಲ ಹಿಂದೆ ಎರಡು ಕೇಜಿ ಪುಡಿ, ಈಚೆ ಬಾಗಿಲ ಹಿಂದೆ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯ, ಪುಡಿ ಹಾಲು ಸಕ್ಕರೆ ಬೆರೆತ ಮೂರರಲ್ಲೊಂದು ಕಾಫಿ ಪ್ಯಾಕೆಟ್ಟನ್ನು ಬಿಸಿನೀರಿಗೆ ಸುರಿದುಕೊಂಡು ಕುಡಿಯುವ ನನ್ನ ಗಂಡ. ಪಾಪ ಎನಿಸಿತು. ಆದರೆ ಮೆಲಾಕಾದ ಕಿಟಕಿ ಸೀಟು ನೆನಪಾಗಿ ಪಾಪ ಹೋಯಿತು.

ಏಳನೆಯ ದಿನ ಕಾಂತಮ್ಮತ್ತೆ ಹೊಸ ವಿಧಿ ಹೊರಡಿಸಿದರು. ಪರಸ್ಥಾನ ಒಂದೇ ಮನೆಯಲ್ಲಿ ವಾರದ ಮೇಲೆ ಇರಬಾರದು, ಮುಂದಕ್ಕೆ ಸಾಗಬೇಕು, ಹೊರಟ ಮನೆಗೆ ಮಾತ್ರ ಹಿಂದಿರುಗಕೂಡದು. ಇದು ಶಾಸ್ತ್ರದಲ್ಲಿತ್ತೋ, ಅವರೇ ಫೋನು ಹಿಡಿದುಕೊಂಡು ಹೊಸೆದರೋ ದೇವರಿಗೇ ಗೊತ್ತು. ಝುಬೇದಾ ಪೆಟ್ಟಿಗೆಗೆ ಸ್ಯಾನಿಟೈಸರ್ ಒರೆಸಿ ಲಿಫ್ಟಿನಲ್ಲಿ ಒಂಟಿಯಾಗಿ ಕಳಿಸಿದಳು. ಏಳನೇ ಮಹಡಿಯ ಜಲಜಾಕ್ಷಿ, ಉಡುಪಿಯವಳು, ಅದನ್ನು ಕೆಳಗೆ ಇಳಿಸಿಕೊಂಡಳು. ಒಂದು ವಾರ ಬಿಟ್ಟು ಅದು ಐದನೇ ಮಹಡಿಯ ಮನೀಷ್–ಅನನ್ಯ ದಂಪತಿಯ ಮನೆಗೆ ಹೊರಟಿತು, ಹೀಗೇ ವಾರಕ್ಕೊಂದು ಮನೆ.

ಇಷ್ಟರಲ್ಲಿ ಝುಬೇದಾಳ ಮಗಳು ನಾಝಿಯಾ ಕೈಹಾಕಿದಳು. ಹದಿನೈದು ವರ್ಷ, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಪೆಟ್ಟಿಗೆಯ ಹೊರಜೇಬಿನಲ್ಲಿದ್ದ ಪ್ರವಾಸದ ಹಾಳೆಯನ್ನು ಅವಳು ಆಗಲೇ ಓದಿಬಿಟ್ಟಿದ್ದಳು. ಪೆಟ್ಟಿಗೆ ಹೋದ ಮನೆಯವರೆಲ್ಲ ಅವಳ ಅಪ್ಪಣೆಯಂತೆ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ಜಲಜಾಕ್ಷಿ ಇಡ್ಲಿ ಪಾತ್ರೆ, ಕುಕ್ಕರುಗಳನ್ನು ಎಂಟು ಗೋಪುರವಾಗಿ ನಿಲ್ಲಿಸಿ ನಡುವೆ ಸೂಟ್‌ಕೇಸ್ ಇಟ್ಟಳು: ಕಾನ್ವಿ ಕೋಟೆ. ಅನನ್ಯ ಬಾಲ್ಕನಿಯಲ್ಲಿ ಹಳದಿ ಡಸ್ಟರುಗಳನ್ನು ಕಡ್ಡಿಗೆ ಕಟ್ಟಿ ನೆಟ್ಟಳು: ಡ್ಯಾಫಡಿಲ್ ಹೂವಿನ ತೋಟ. ಕುರಿ ಮಾತ್ರ ಯಾರಿಗೂ ಸಿಗಲಿಲ್ಲ. ಪಕ್ಕದ ಕಾಡಿನ ಕೋತಿಯೊಂದು ಬಂದು ಪೆಟ್ಟಿಗೆಯ ಮೇಲೆ ಕೂತಿತು. ಅದನ್ನೇ ಕುರಿಯೆಂದು ಸರ್ವಾನುಮತದಿಂದ ಒಪ್ಪಿಕೊಂಡೆವು. ನನ್ನ ಪೆಟ್ಟಿಗೆ ವೇಲ್ಸ್ ಸುತ್ತುತ್ತಿತ್ತು, ನಾನು ಮನೆಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ, ಒಳಗೊಳಗೆ ಪೆಟ್ಟಿಗೆಯ ಮೇಲೆ ಹೊಟ್ಟೆಕಿಚ್ಚೂ ಪಡುತ್ತಿದ್ದೆ.

ಜೂನ್ ನಡುವೆ ನಿಯಮ ಸಡಿಲಾಯಿತು. ಒಂದು ಭಾನುವಾರ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಮಾಸ್ಕ್ ಹಾಕಿದ ನಾಝಿಯಾ. ತಲೆಗೆ ಸೈಕಲ್ ಹೆಲ್ಮೆಟ್, ಕೈಯಲ್ಲಿ ಎತ್ತಿ ಹಿಡಿದ ಕೊಡೆ.

"ವೆಲ್ಕಮ್ ಟು ವೇಲ್ಸ್, ಆಂಟಿ. ಪ್ಲೀಸ್ ಫಾಲೋ ದಿ ಅಂಬ್ರೆಲಾ."

ಒಟ್ಟು ಒಂಬತ್ತು ಪ್ರವಾಸಿಗರು: ನಾವಿಬ್ಬರು, ಝುಬೇದಾ–ರಶೀದ್, ಜಲಜಾಕ್ಷಿ ಮತ್ತವಳ ಗಂಡ, ಮನೀಷ್, ಅನನ್ಯ, ಅನನ್ಯಳ ತಂಗಿ. ಪೆಟ್ಟಿಗೆಯೂ ಬಂತು. ಪ್ರವಾಸದ ಕೊನೆಗೆ ಜಲಜಾಕ್ಷಿಯ ಮನೆಯೇ ಹೋಟೆಲು, ಹೋಟೆಲು ಸೇರಿದರೆ ಪ್ರಯಾಣ ನಡೆದ ಹಾಗೆಯೇ ಲೆಕ್ಕ, ಅಲ್ಲಿ ಪೆಟ್ಟಿಗೆ ಬಿಚ್ಚಬಹುದೆಂದು ಕಾಂತಮ್ಮತ್ತೆ ಅಪ್ಪಣೆ ಕೊಟ್ಟಿದ್ದರು. ಮೂರು ತಿಂಗಳಿನಿಂದ ಒಳ್ಳೆಯ ಕಾಫಿ ಕಾಣದ ನಮ್ಮೆಜಮಾನರು ಅದರ ಹಿಡಿಯನ್ನು ಹಿಡಿದವರು ಬಿಡಲೇ ಇಲ್ಲ.

ಈಜುಕೊಳದ ಮೆಟ್ಟಿಲ ಮೇಲೆ ನಾಝಿಯಾ ಕರ್ನಾರ್ವನ್ ಕೋಟೆಯ ಚರಿತ್ರೆ ಹೇಳಿದಳು. ಎಡ್ವರ್ಡ್ ದೊರೆ ಕಟ್ಟಿಸಿದ್ದು ಸಾವಿರದ ಮುನ್ನೂರ ಎಂಬತ್ತಮೂರರಲ್ಲಿ ಎಂದಳು. ನೂರು ವರ್ಷ ತಪ್ಪು! ನನ್ನ ನಾಲಿಗೆ ತುರಿಸಿತು. "ಮಗು, ಅದು ಸಾವಿರದ ಇನ್ನೂರ..." ಎಂದು ಬಾಯಿ ತೆರೆದೆ.

"ಸುಮ್ನ ನಿಂದರ್ರಿ ವಾರಿಜಾಕ್ಷಿ!" ಎಂದಳು ಝುಬೇದಾ. "ಇವತ್ತ ನೀವು ಗೈಡ್ ಅಲ್ಲ, ಗಿರಾಕಿ."

ಬಾಯಿ ಮುಚ್ಚಿದೆ. ನಂಬಿ, ಕೋಟೆ ಕಟ್ಟುವುದಕ್ಕಿಂತ ಕಷ್ಟದ ಕೆಲಸ ಅದು. ಆದರೆ ಹತ್ತು ನಿಮಿಷದಲ್ಲಿ ಅಭ್ಯಾಸವಾಯಿತು. ಎಡಕ್ಕೆ ನೋಡಿ ಎಂದರೆ ಎಡಕ್ಕೆ ನೋಡಿದೆ. ಚಪ್ಪಾಳೆ ಎಂದರೆ ತಟ್ಟಿದೆ. ನೀರು ಯಾರ ಹತ್ತಿರ ಇದೆ, ಮಾತ್ರೆ ಯಾರು ನುಂಗಬೇಕು ಎಂಬ ಯೋಚನೆಯೇ ಇಲ್ಲದೆ ಕಾಲಾಡಿಸಿದೆ. ಇಷ್ಟು ಹಗುರ ನಾನೆಂದೂ ಇರಲಿಲ್ಲ.

ಹದಿನೇಳನೇ ಮಹಡಿಯ ತಾರಸಿ ಸ್ನೋಡನ್ ಬೆಟ್ಟ. ಅಲ್ಲಿಂದ ಲಿಫ್ಟಿನಲ್ಲಿ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿದರೆ ಕಲ್ಲಿದ್ದಲು ಗಣಿ. ಲಿಫ್ಟಿನಲ್ಲಿ ನಾಲ್ಕೇ ಜನ, ನೆಲದ ಮೇಲೆ ಅಂಟಿಸಿದ ನಾಲ್ಕು ಜೋಡಿ ಹೆಜ್ಜೆಗಳ ಮೇಲೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಮೊದಲ ಸರದಿಯಲ್ಲಿ ನಾಝಿಯಾ ಮೂವರನ್ನು ಕರೆದುಕೊಂಡು ಇಳಿದಳು. ಎರಡನೆಯದರಲ್ಲಿ ನಾಲ್ವರು. ಮೂರನೆಯದರಲ್ಲಿ ಇವರು ಪೆಟ್ಟಿಗೆಯ ಸಮೇತ ಹೊಕ್ಕರು.

ಇಪ್ಪತ್ತೆರಡು ವರ್ಷದ ಚಾಳಿ. ಬಾಗಿಲಲ್ಲಿ ನಿಂತು ಬೆರಳು ಮಡಿಸಿದೆ, ಮೂರು, ನಾಲ್ಕು, ಒಂದು. "ಎಲ್ಲಾ ಆಯ್ತು" ಎಂದೆ. ಗೋಡೆ ನೋಡುತ್ತ ನಿಂತಿದ್ದ ಇವರು ಗುಂಡಿ ಒತ್ತಿದರು. ಬಾಗಿಲು ಮುಚ್ಚಿತು. ನಾನು ಹೊರಗಿದ್ದೆ.

ಒಂದು ಗುಂಡಿ ಒತ್ತಿದ್ದರೆ ಲಿಫ್ಟು ಬರುತ್ತಿತ್ತು. ಒತ್ತಲಿಲ್ಲ. ಎಲ್ಲಿಂದಲೋ ಹಟ ಬಂತು. ಮೆಲಾಕಾದಲ್ಲಿ ಪುಳಿಯೋಗರೆ ನನ್ನ ಬಳಿಯಿತ್ತು, ಅದಕ್ಕೆ ಹುಡುಕಿ ಬಂದರು. ಈ ಸಲ ಕಾಫಿ ಪುಡಿ ಕೆಳಗೆ ಹೋಗಿದೆ, ನೀರಿನ ಬಾಟಲಿ ಝುಬೇದಾಳ ಹತ್ತಿರ, ಕೊಡೆ ನಾಝಿಯಾಳ ಹತ್ತಿರ. ನನ್ನ ಬಳಿ ಯಾರಿಗೂ ಬೇಕಾದದ್ದು ಏನೂ ಇಲ್ಲ. ನೋಡೇ ಬಿಡೋಣ ಎಂದು ಸ್ನೋಡನ್ ಶಿಖರದ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ.

ಎರಡು ನಿಮಿಷ. ಕುರಿಯಾಗಿದ್ದ ಕೋತಿ ಬಂದು ನನ್ನನ್ನು ನೋಡಿ ಹೋಯಿತು. ನಾಲ್ಕು ನಿಮಿಷ. ಕೆಳಗೆ ಎಲ್.ಆರ್.ಟಿ. ರೈಲೊಂದು ಖಾಲಿಯಾಗಿ ಹಾದುಹೋಯಿತು. ಐವತ್ತನಾಲ್ಕು ವರ್ಷದ ಹೆಂಗಸು ಇಂಥ ಪರೀಕ್ಷೆ ಇಡುವುದೇ ಎಂದು ನನಗೇ ನಾಚಿಕೆಯಾಯಿತು. ಆದರೂ ಏಳಲಿಲ್ಲ.

ಲಿಫ್ಟಿನ ಬಾಗಿಲು ತೆರೆಯಿತು. ನಾಝಿಯಾ ಹೊರಗೆ ಹಾರಿದಳು, ಹೆಲ್ಮೆಟ್ ಓರೆಯಾಗಿ ಕಿವಿಯ ಮೇಲೆ ಬಿದ್ದಿತ್ತು. ಹುಟ್ಟಿದಾಗಿನಿಂದ ನನ್ನೊಡನೆ ಇಂಗ್ಲಿಷ್ ಬಿಟ್ಟು ಮಾತಾಡದ ಹುಡುಗಿ ಏದುಸಿರು ಬಿಡುತ್ತ ಕೂಗಿದಳು, "ಆಂಟಿ! ಎಂಟೇ ಇತ್ತು! ಮೂರ್ ಸಲ ಎಣಿಸಿದೆ, ಎಂಟೇ ಬಂತು!"

ಅವಳ ಹಿಂದೆ ಇವರು. ಕೈ ಖಾಲಿ. ಕಾಫಿ ಪುಡಿಯನ್ನು ಗಣಿಯಲ್ಲೇ ಬಿಟ್ಟು ಬಂದಿದ್ದರು.

"ಅವಳು ಎಣಿಸೋಕೆ ಮುಂಚೆ ನಾನೇ ಹೇಳ್ದೆ, ವಾರಿಜ ಇಲ್ಲ ಅಂತ" ಎಂದರು.

"ನೋ, ಅಂಕಲ್, ಐ ಸೆಡ್ ಫಸ್ಟ್ ಲಾ!"

"ನಾನು ಕಣಮ್ಮಾ! ಗೋಡೆಯಿಂದ ತಿರುಗಿದ ಕೂಡ್ಲೇ ಹೇಳ್ದೆ!"

ನನ್ನನ್ನು ಮೊದಲು ಹುಡುಕಿದ್ದು ಯಾರೆಂದು ಇಬ್ಬರು ಜಗಳವಾಡುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮಾಸ್ಕಿನೊಳಗೆ ಅಳುವೂ ನಗುವೂ ಒಟ್ಟಿಗೆ ಬಂದು ಮೂಗೆಲ್ಲ ಒದ್ದೆಯಾಯಿತು. ಮೂವರೂ ಲಿಫ್ಟಿನಲ್ಲಿ ಇಳಿದೆವು. ಗೋಡೆಯ ಕಡೆಗೆ ಯಾರೂ ಮುಖ ಮಾಡಲಿಲ್ಲ.

ಗಣಿಯಲ್ಲಿ ಎಲ್ಲರೂ ಸಾಲಾಗಿ ಕಾಯುತ್ತಿದ್ದರು. ನಾಝಿಯಾ ಕೊಡೆ ಎತ್ತಿ ಮೊದಲಿನಿಂದ ಎಣಿಸುತ್ತ ಬಂದಳು. ಏಳು ಜಲಜಾಕ್ಷಿ, ಎಂಟು ಇವರು. ನನ್ನ ಮುಂದೆ ನಿಂತು ಕೊಡೆಯ ತುದಿಯನ್ನು ನನ್ನ ತಲೆಗೆ ಮೆಲ್ಲಗೆ ಮುಟ್ಟಿಸಿದಳು.

"ಒಂಬತ್ತು."

"ಇನ್ನೊಂದ್ಸಲ ಎಣಿಸು, ಮಗಳೇ" ಎಂದೆ.