ನೈಂದು ಅಜ್ಜನ ಹೇಂಟೆ ನಡೆದ ದಿನ

ಆ ಬೆಳಿಗ್ಗೆ ಹರ್ಮತಾನ್ ಗಾಳಿ ಮರಳುಗಾಡಿನ ದೂಳನ್ನೆಲ್ಲ ಹೊತ್ತು ತಂದು ಊರಿನ ಮೇಲೆ ಸುರಿದಿತ್ತು. ಸೂರ್ಯ ಹುಟ್ಟಿದ್ದ, ಆದರೆ ಬೂದಿಯಲ್ಲಿ ಹೊರಳಿಸಿದ ರೊಟ್ಟಿಯಂತೆ ಮಂಕಾಗಿದ್ದ. ಒಡೆದ ತುಟಿಯಿಂದ ನಗುವುದೂ ಕಷ್ಟ, ಬೈಯುವುದೂ ಕಷ್ಟ. ಸನಾತು ಮುಂಜಾನೆಯ ನಮಾಜು ಮುಗಿಸಿ, ಚಾಪೆ ಸುತ್ತಿಟ್ಟು ಅಂಗಳಕ್ಕೆ ಬಂದಾಗ ಹೇಂಟೆ ಕುಕ್ಕೆಯ ಕೆಳಗಿನಿಂದ ನುಸುಳಿ ಹೊರಗೆ ಬಂದಿತ್ತು. ಮುರಿದಿದ್ದ ಎಡಗಾಲನ್ನು ನೆಲಕ್ಕೆ ಊರಿತು. ಇನ್ನೊಂದು ಹೆಜ್ಜೆ ಇಟ್ಟಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ಗೋಡೆಯ ಬುಡದ ಗೆದ್ದಲು ಹೆಕ್ಕತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈ ಮುಗಿದು ಕುಣಿಯುತ್ತಿದ್ದರು. ಸನಾತು ಸುತ್ತ ನೋಡಿ, ಹೇಂಟೆಯನ್ನು ಹಿಡಿದು ಕುಕ್ಕೆಯೊಳಗೆ ತುರುಕಿ ಮೇಲೊಂದು ಕಲ್ಲು ಹೇರಿದಳು. "ಇನ್ನೊಂದು ತಿಂಗಳು ಕುಂಟು ತಾಯಿ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅದಕ್ಕೆ ಪಿಸುಗುಟ್ಟಿದಳು.

ಒಂಬತ್ತು ವರ್ಷದ ಮಗಳು ತಿಯುಂಬಾ ದವದವ ಮರದಿಂದ ಬಿದ್ದು ಅಂದಿಗೆ ಹದಿನೆಂಟು ದಿನ. ಆ ಮರದ ಕಾಯಿ ಸೀಳಿದರೆ ಒಳಗೆ ಹಳದಿ ಹಿಟ್ಟು, ಜೇನಿನಂಥ ಸಿಹಿ. ಎರಡು ವರ್ಷದಿಂದ ಸಕ್ಕರೆ ಕಾಯಿಲೆಯಿದ್ದು ದಿನಕ್ಕೆ ಮೂರು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಹುಡುಗಿ ಅದರ ಹತ್ತಿರ ಸುಳಿಯಲೇಬಾರದಿತ್ತು. "ಯಾಕೇ ಹತ್ತಿದೆ?" ಎಂದು ಕೇಳಿದ್ದಕ್ಕೆ, "ತಿನ್ನೋಕಲ್ಲಮ್ಮ, ಹಣ್ಣಾಗೈತಾ ಅಂತ ನೋಡೋಕೆ" ಎಂದಿದ್ದಳು. ಮೂಗಿನ ತುದಿಯವರೆಗೆ ಹಳದಿಯಾಗಿತ್ತು. ಕಾಲು ಮೊಣಕಾಲಿನ ಕೆಳಗೆ ಮುರಿದಿತ್ತು.

ಸನಾತುವಿನ ಗಂಡ ದಕ್ಷಿಣದ ಕೋಕೋ ತೋಟಗಳಲ್ಲಿ ದುಡಿಯಲು ಹೋಗಿದ್ದ. ಹಾಗಾಗಿ ಮನೆಯ ಮಾತೆಂದರೆ ಅತ್ತೆ ಅಶೆತುವಿನ ಮಾತು. "ಪಟ್ಟಣದ ಆಸ್ಪತ್ರೆಗೆ ಹೋದ್ರೆ ಕಾಲು ಕತ್ತರಿಸಿ ಕಳಿಸ್ತಾರೆ. ಏಳು ತಲೆಮಾರಿಂದ ಮೂಳೆ ಕಟ್ಟೋ ನೈಂದು ಅಣ್ಣ ಕೂಗಳತೆಯಲ್ಲಿ ಇರುವಾಗ ನಿನಗ್ಯಾಕೆ ಆ ದುರ್ಬುದ್ಧಿ?" ಎಂದು ಅವಳು ತೀರ್ಪು ಕೊಟ್ಟಳು.

ನೈಂದು ಅಜ್ಜ ಬಂದ. ಕೈ ಮಾತ್ರ ನಿಜಕ್ಕೂ ಬಂಗಾರದ ಕೈ. ಹುಡುಗಿ ಒಮ್ಮೆ ಚೀರುವಷ್ಟರಲ್ಲಿ ಮೂಳೆಯನ್ನು ನೇರಕ್ಕೆ ತಂದು, ದಬ್ಬೆ ಇಟ್ಟು ಬಿಗಿದ. ಬಾಯಿಯ ವಿಷಯಕ್ಕೆ ಬಂದರೆ ದೇವರು ಕೊಂಚ ಕೈ ಬಿಗಿಹಿಡಿಯಬಹುದಿತ್ತು.

"ಅಜ್ಜ, ಇವಳಿಗೆ ಸಕ್ಕರೆ ಕಾಯಿಲೆ ಐತೆ. ಪೆಟ್ಟಾದ್ರೆ ವಾಸಿ ಆಗೋದು ನಿಧಾನ ಅಂತ ನರ್ಸಮ್ಮ ಹೇಳವ್ರೆ" ಎಂದಳು ಸನಾತು.

"ಸಕ್ಕರೆ ಇರೋದು ರಕ್ತದಾಗಲ್ವೇನಮ್ಮ? ನಾನು ಕಟ್ತಿರೋದು ಮೂಳೆ. ಅವೆರಡೂ ಬೇರೆ ಬೇರೆ ಮನೆಯೋರು" ಎಂದು ನಕ್ಕು, "ಎಲ್ಲಿ, ಹೇಂಟೆ ತತ್ತಾ" ಎಂದ.

ಅಜ್ಜನ ಮನೆತನದ ಪದ್ಧತಿ ಅದು. ರೋಗಿಯ ಕಾಲು ಮುರಿದ ಜಾಗದಲ್ಲೇ ಒಂದು ಹೇಂಟೆಯ ಕಾಲನ್ನೂ ಮುರಿದು, ಅದಕ್ಕೂ ಅದೇ ದಬ್ಬೆ, ಅದೇ ಶಿಯಾ ಮರದ ಬೀಜದ ಬೆಣ್ಣೆ. ಹೇಂಟೆ ನಡೆದ ದಿನ ರೋಗಿಯ ಮೂಳೆ ಕೂಡಿತೆಂದು ಲೆಕ್ಕ, ಅಂದೇ ಕಟ್ಟು ಬಿಚ್ಚಿ ನಡೆಸುವುದು. ಸನಾತುವಿನ ಒಳ್ಳೆಯ ಮೊಟ್ಟೆಕೋಳಿಯೇ ಆ ಸೇವೆಗೆ ಆರಿಸಿ ಬಂತು. ಅಂದಿನಿಂದ ಊರಿನವರು ಬಂದು ಮೊದಲು ಹೇಂಟೆಯ ಯೋಗಕ್ಷೇಮ ಕೇಳುತ್ತಿದ್ದರು. "ರಾತ್ರಿ ನಿದ್ದೆ ಮಾಡ್ತಾ? ಕಾಳು ತಿಂತಾ? ಕಣ್ಣು ಸ್ವಲ್ಪ ಬಾಡೈತಲ್ಲ!" ಹೊರಡುವಾಗ ನೆನಪಾದರೆ, "ಮಗು ಹೆಂಗೈತೆ?" ಎಂದೂ ಕೇಳುವರು. ಒದ್ದೆ ಮರಳು ತುಂಬಿದ ಮಡಕೆಯೊಳಗೆ ತಂಪಾಗಿಟ್ಟಿದ್ದ ಇನ್ಸುಲಿನ್ ಬಾಟಲಿ ತೆಗೆದು ಸನಾತು ಮಗಳಿಗೆ ಸೂಜಿ ಚುಚ್ಚುವಾಗ ಮಾತ್ರ ಎಲ್ಲರೂ ಆಕಾಶ ನೋಡುತ್ತಿದ್ದರು. ಆ ಒಂದು ಉಪಚಾರದಲ್ಲಿ ಹೇಂಟೆಗೆ ಪಾಲಿರಲಿಲ್ಲ.

ಆ ದೂಳಿನ ಬೆಳಿಗ್ಗೆ ಸನಾತು ಪಟ್ಟಣಕ್ಕೆ ಹೋಗಲೇಬೇಕಿತ್ತು. ಇನ್ಸುಲಿನ್ ಕೊಡುವುದು ತಿಂಗಳಿಗೊಂದೇ ದಿನ. ಕುಕ್ಕೆಯ ಮೇಲಿನ ಕಲ್ಲನ್ನು ಇನ್ನೊಮ್ಮೆ ಒತ್ತಿ ನೋಡಿ, ಮೂರು ಚಕ್ರದ ಮೋಟಾರು ಹತ್ತಿ ಹೋದಳು.

ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳನ್ನು ನೋಡುವ ನರ್ಸ್ ಲಾದಿ, ಮಗಳ ರಕ್ತದ ಸಕ್ಕರೆಯನ್ನು ಸನಾತು ದಿನಾ ಬರೆದಿಡುತ್ತಿದ್ದ ಪುಸ್ತಕದ ಅಂಕಿಗಳ ಮೇಲೆ ಬೆರಳಾಡಿಸಿ ಹುಬ್ಬು ಗಂಟಿಕ್ಕಿದಳು. "ಎರಡೂವರೆ ವಾರದಿಂದ ಯಾಕಿಷ್ಟು ಏರೈತೆ?"

ಸನಾತು ಎಲ್ಲವನ್ನೂ ಹೇಳಿದಳು. ಹೇಂಟೆಯದನ್ನೂ.

"ನೋವಿದ್ರೆ ಸಕ್ಕರೆ ಏರ್ತದೆ. ಸಕ್ಕರೆ ಏರಿದ್ರೆ ಮೂಳೆ ಬೇಗ ಕೂಡೋದಿಲ್ಲ. ಒಂದನ್ನ ಬಿಟ್ಟು ಇನ್ನೊಂದನ್ನ ವಾಸಿ ಮಾಡೋಕಾಗಲ್ಲ ತಂಗಿ. ಕಟ್ಟು ಬಿಚ್ಚಬೇಡಿ, ಕಾಲು ಊರಿಸಬೇಡಿ. ನಾಳೆನೇ ಕರ್ಕೊಂಡು ಬಾ, ಮೂಳೆಯ ಎಕ್ಸ್‌ರೇ ಚಿತ್ರ ತೆಗೆದು ನೋಡೋಣ." ಲಾದಿ ಪುಸ್ತಕ ಮುಚ್ಚಿ ಕೇಳಿದಳು, "ಆ ಕೋಳಿ ಎಲ್ಲೈತೆ ಈಗ?"

"ಕಲ್ಲಿನ ಕೆಳಗೆ."

"ಅಲ್ಲೇ ಇರಲಿ" ಎಂದಳು ನರ್ಸ್.

ಆದರೆ ಹೇಂಟೆ ಅಲ್ಲಿರಲಿಲ್ಲ; ಕಾಳು ಹಾಕಲು ಯಾರೋ ಕಲ್ಲು ಸರಿಸಿದ್ದರು. ಮಧ್ಯಾಹ್ನದ ನಮಾಜು ದಾಟಿದ ಹೊತ್ತಿಗೆ ಸನಾತು ಮೋಟಾರಿನಿಂದ ಇಳಿಯುವಾಗಲೇ ಹೆಂಗಸರು ಸಂಭ್ರಮಕ್ಕೆ ನಾಲಿಗೆ ಆಡಿಸಿ ಹಾಕುವ ಉಲಿಗೂಗು ಕೇಳಿಸಿತು. ಅಂಗಳದಲ್ಲಿ ಮೆರವಣಿಗೆ ಹೊರಟಿತ್ತು. ಎಲ್ಲರಿಗಿಂತ ಮುಂದೆ ಹೇಂಟೆ, ಮದುಮಗಳ ಗತ್ತಿನಲ್ಲಿ. ಅದರ ಹಿಂದೆ ಹೊಸ ನಿಲುವಂಗಿ ತೊಟ್ಟ ನೈಂದು ಅಜ್ಜ. ಅವನ ಮುಂಗೈಗೆ ಆಗಲೇ ಒಂದು ಮೇಕೆಯ ಹಗ್ಗ ಸುತ್ತಿಕೊಂಡಿತ್ತು. ಕಾಲು ವಾಸಿಯಾದ ದಿನ ಕೊಡಬೇಕಾದ ಕಾಣಿಕೆಯನ್ನು ಅಶೆತು ಒಂದು ಗಳಿಗೆಯೂ ಬಾಕಿ ಇಟ್ಟಿರಲಿಲ್ಲ. ಕೊನೆಗೆ, ಇಬ್ಬರು ಹೆಂಗಸರ ಹೆಗಲಿಗೆ ಜೋತುಬಿದ್ದು, ದಬ್ಬೆ ಬಿಚ್ಚಿದ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದ ತಿಯುಂಬಾ.

"ಕಾಲು ಊರು ಮಗಳೇ, ಊರು! ಕೋಳಿಗಿರೋ ಧೈರ್ಯ ನಿನಗಿಲ್ವಾ?" ಎನ್ನುತ್ತಿದ್ದ ಅಜ್ಜ.

"ಬೇಡ!" ಎಂದು ಸನಾತು ಕೂಗುವುದಕ್ಕೂ ಹೆಂಗಸರು ಕೈ ಬಿಡುವುದಕ್ಕೂ ಸರಿಹೋಯಿತು. ಹುಡುಗಿ ಒಂದು ಹೆಜ್ಜೆ ಇಟ್ಟಳು. ಅದು ಅಮ್ಮನ ಕಡೆಗೆ ಇಟ್ಟ ಹೆಜ್ಜೆ. ಎರಡನೆಯದಕ್ಕೆ ಒಣಕಡ್ಡಿ ಮುರಿದ ಸದ್ದಾಯಿತು.

"ಹೆದರಿಕೊಂಡವಳೆ, ಅಷ್ಟೇ" ಎಂದ ಅಜ್ಜ.

"ಅವ್ವನ ಮುಖ ಕಂಡ ಕೂಡಲೇ ನಾಟಕ" ಎಂದಳು ಅಶೆತು.

ಆದರೆ ಕಾಲು ನಾಟಕ ಆಡುತ್ತಿರಲಿಲ್ಲ. ಕೀಲು ಇಲ್ಲದ ಕಡೆ ಅದು ಬಾಗಿತ್ತು. ಉಲಿಗೂಗು ಒಬ್ಬೊಬ್ಬರ ಬಾಯಲ್ಲೇ ಆರಿಹೋಯಿತು. ಹೇಂಟೆ ಮಾತ್ರ ಯಾರೂ ಹಿಂದೆ ಬರುತ್ತಿಲ್ಲವೆಂದು ತಿಳಿಯದೆ ಅಂಗಳದ ಸುತ್ತು ಮುಗಿಸಿತು.

ಸನಾತು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಅಜ್ಜನಿಗೆ ಅಷ್ಟು ತಾಗುತ್ತಿರಲಿಲ್ಲವೇನೋ.

"ಅಜ್ಜ, ಆ ಕೋಳಿಗೆ ಸಕ್ಕರೆ ಕಾಯಿಲೆ ಇತ್ತಾ?"

ಅಜ್ಜ ಬಿಚ್ಚಿ ಬಿಸಾಕಿದ್ದ ದಬ್ಬೆಗಳನ್ನು ಹೆಕ್ಕತೊಡಗಿದ.

"ಅದಕ್ಕೆ ದಿನಕ್ಕೆ ಮೂರು ಸಲ ಯಾರು ಸೂಜಿ ಚುಚ್ತಿದ್ರು? ರಾತ್ರಿ ಎದ್ದು ನೀರು ನೀರು ಅಂತಿತ್ತಾ? ಗಟ್ಟಿಮುಟ್ಟಾದ ಕೋಳಿ ಕಾಲು ಮುರಿದ್ರಿ, ಅದು ಗಟ್ಟಿಮುಟ್ಟಾಗಿ ಎದ್ದು ಹೋಯ್ತು. ನಿಮ್ಮ ಲೆಕ್ಕ ತಪ್ಪಿಲ್ಲ ಬಿಡಿ. ಅದು ಕೋಳಿ ಲೆಕ್ಕ. ನನ್ನ ಮಗಳ ಲೆಕ್ಕ ತಿಳೀಬೇಕು ಅಂದ್ರೆ ಸಕ್ಕರೆ ಕಾಯಿಲೆ ಇರೋ ಕೋಳಿ ಹುಡುಕ್ಕೊಂಡು ಬನ್ನಿ. ನಾನು ಕಾಯ್ತೀನಿ. ಇನ್ನೂ ಏಳು ತಲೆಮಾರು ಕಾಯ್ತೀನಿ."

ಯಾರೂ ನಗಲಿಲ್ಲ. ತುಟಿ ಒಡೆದಿತ್ತೆಂದು ಇರಬಹುದು. ಅಜ್ಜ ಕುಳಿತು ಮೊದಲ ದಿನದಂತೆಯೇ ದಬ್ಬೆ ಇಟ್ಟ, ಈ ಸಲ ಒಂದು ಮಾತೂ ಆಡದೆ. ಮಗುವಿನ ಕಾಲು ದಾರಿಯಲ್ಲಿ ಕುಲುಕಬಾರದಲ್ಲ. ಅದೇ ಮೋಟಾರಿನಲ್ಲಿ ಸನಾತು ಮಗಳನ್ನು ಮಲಗಿಸಿಕೊಂಡು ಪಟ್ಟಣದ ದಾರಿ ಹಿಡಿದಳು.

ಆಸ್ಪತ್ರೆಯಲ್ಲಿ ಯಾರೂ ಕಾಲು ಕತ್ತರಿಸಲಿಲ್ಲ. ಮೂಳೆಯನ್ನು ಮತ್ತೆ ಕೂಡಿಸಿ ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಇನ್ಸುಲಿನ್ ಪ್ರಮಾಣ ಹೆಚ್ಚಿಸಿದರು. ನಾಲ್ಕು ವಾರಕ್ಕೆ ತೆಗೆದ ಚಿತ್ರದಲ್ಲಿ ಮುರಿದ ತುದಿಗಳ ನಡುವೆ ಹೊಗೆಯಂಥ ಮಸುಕಷ್ಟೇ ಕಂಡಿತು. "ಕೂಡ್ತಾ ಐತೆ, ನಿಧಾನವಾಗಿ. ಈ ಅಂಕಿ ಇಳಿದಷ್ಟೂ ಅದು ಗಟ್ಟಿಯಾಗ್ತದೆ" ಎಂದು ಲಾದಿ ಪುಸ್ತಕ ತೋರಿಸಿದಳು. ಅಂದಿನಿಂದ ಸನಾತು ಆ ಪುಸ್ತಕವನ್ನು ಜಪಮಣಿಯ ಜೊತೆಗೇ ಇಟ್ಟುಕೊಂಡಳು. ಎರಡನ್ನೂ ದಿನಕ್ಕೆ ಐದು ಸಲ ಮುಟ್ಟುವಳು.

ಅಶೆತು ತಪ್ಪೊಪ್ಪಿಕೊಳ್ಳುವ ಜಾತಿಯವಳಲ್ಲ. ಆದರೆ ಮಡಕೆಯ ಮರಳು ಒಣಗದಂತೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸುವ ಕೆಲಸವನ್ನು ಯಾರೂ ಹೇಳದೆಯೇ ಹಿಡಿದಳು. ನೋಡಲು ಬಂದವರು ಕೋಳಿಯ ಸುದ್ದಿ ಎತ್ತಿದರೆ, "ಕೋಳಿ ಮೊಟ್ಟೆ ಇಡ್ತೈತೆ. ನಿಮಗೆ ಬೇರೆ ಕೆಲಸ ಇಲ್ವಾ?" ಎಂದು ಎಬ್ಬಿಸಿ ಕಳಿಸುವಳು.

ಹರ್ಮತಾನ್ ಕಳೆಯಿತು. ಬಿಸಿಲು ಏರಿ, ಶಿಯಾ ಮರಗಳು ಹೂ ಉದುರಿಸಿ ಕಾಯಿ ಕಚ್ಚಿದವು. ಎರಡನೆಯ ಸಲ ಮುರಿದು ಎಪ್ಪತ್ತೊಂದನೆಯ ದಿನಕ್ಕೆ ಚಿತ್ರದಲ್ಲಿ ಮಸುಕು ಬೆಳ್ಳಗಾಗಿತ್ತು. ತಿಯುಂಬಾ ಕೋಲೂರಿ ಮನೆಬಾಗಿಲಿಂದ ಬಾವಿಯವರೆಗೆ ಹೋಗಿ ಬಂದಳು. ಎಡಗಾಲು ಕೂದಲೆಳೆಯಷ್ಟು ಹೊರಕ್ಕೆ ತಿರುಗಿತ್ತು. ಅದು ಹಾಗೆಯೇ ಉಳಿಯುವುದೆಂದು ಡಾಕ್ಟರು ಹೇಳಿದ್ದರು. ಹುಡುಗಿಗೆ ಅದರ ಚಿಂತೆಯಿರಲಿಲ್ಲ. ಸನಾತುಗೆ ಇತ್ತು. ದೇವರ ಮುಂದೆ ಒಂದು ಸಲ ಅತ್ತು, ಕತ್ತರಿಸದೆ ಉಳಿದುಕೊಂಡ ಕಾಲಿಗಾಗಿ ವಂದಿಸಿ ಎದ್ದಳು.

ಮರುದಿನ, ಹೆಂಗಸರು ಸಂತೆಗೆ ಹೋಗಿ ಅಂಗಳ ಖಾಲಿಯಿದ್ದ ಹೊತ್ತು ನೋಡಿಕೊಂಡು ನೈಂದು ಅಜ್ಜ ಬಂದ. ಹಳೆಯ ನಿಲುವಂಗಿ. ಹಗ್ಗದ ತುದಿಯಲ್ಲಿ ಅಂದು ಅಶೆತು ಕೊಟ್ಟಿದ್ದ ಅದೇ ಮೇಕೆ. ಬಾಗಿಲಲ್ಲೇ ನಿಂತು ತಿಯುಂಬಾ ನಡೆಯುವುದನ್ನು ಅವಳು ಬಾವಿಯ ತನಕ ಹೋಗಿ ತಿರುಗುವವರೆಗೂ ನೋಡಿದ.

"ಎಷ್ಟು ದಿನ ಹಿಡೀತು?"

"ಎಪ್ಪತ್ತೊಂದು. ಅದಕ್ಕೂ ಮೊದಲು ಹದಿನೆಂಟು" ಎಂದಳು ಸನಾತು.

ಅಜ್ಜ ತಲೆಯಾಡಿಸಿದ. ಹಗ್ಗವನ್ನು ಅವಳ ಕೈಗಿಟ್ಟ. ಆಮೇಲೆ ನಿಲುವಂಗಿಯ ಮಡಿಕೆಯೊಳಗೆ ಕೈ ಹಾಕಿ, ಆ ಮೇಕೆ ಈದು ಮೂರು ದಿನವಾದ ಮರಿಯೊಂದನ್ನು ಮೆಲ್ಲಗೆ ತೆಗೆದು ಅವಳ ಮಡಿಲಿಗೆ ದಾಟಿಸಿದ.

"ಇದೂ ನಿಮ್ಮದೇ" ಎಂದು ಹೇಳಿ ಹೊರಟುಹೋದ.