ಒಂದು ಸಾಲು ಕೆಳಗೆ

ಆ ದಿನ ಬೆಳಿಗ್ಗೆ ಡೊಂಬಿವಲಿಯಲ್ಲಿ ಮಳೆ ನಿಂತಿತ್ತು. ಅಲ್ಲಿ ಶ್ರಾವಣದ ಮಳೆ ಸುರಿದರೂ ಕಷ್ಟ, ನಿಂತರೂ ಕಷ್ಟ. ಸುರಿದರೆ ಗಾಡಿ ಬಂದ್, ನಿಂತರೆ ಕಾರ್ಖಾನೆಗಳ ಹೊಗೆ ಮುದಿ ಎಮ್ಮೆಯ ಹಾಗೆ ರಸ್ತೆಯ ಮೇಲೇ ಮಲಗಿಬಿಡುತ್ತದೆ. ಮೂಗಿಗೆ ಕರ್ಚೀಫು ಹಿಡಿದು ಸರ್ವೋತ್ತಮ ಭಟ್ಟರು ಪ್ರೆಸ್ಸಿನ ಮೆಟ್ಟಿಲು ಹತ್ತಿದಾಗ, ಪುರೋಹಿತ ಪುಂಡರೀಕಾಕ್ಷ ಆಚಾರ್ಯರು ಒಳಗೆ ಕಾದು ಕುಳಿತಿದ್ದರು. ಅವರ ಕೈಯಲ್ಲಿ ಆ ವರ್ಷದ ತಿಥಿಪುಸ್ತಕವಿತ್ತು.

"ಭಟ್ರೇ, ನಿಮ್ಮ ಅಮ್ಮ ಹೋದದ್ದು ನಾಗರಪಂಚಮಿಗಲ್ವಾ?"

"ಹೌದು. ಮೊನ್ನೆ ನೀವೇ ಶ್ರಾದ್ಧ ಮಾಡಿಸಿದ್ದಲ್ವಾ?"

"ಮತ್ತೆ ಇದರಲ್ಲಿ ಕಾರ್ತಿಕ ಅಂತ ಎಂತಕ್ಕೆ ಉಂಟು ಮಾರಾಯ್ರೇ?"

ಊರು ಬಿಟ್ಟು ಬಂದವರಿಗೆ ಹೊತ್ತಿನ ಲೆಕ್ಕವೆಂದರೆ ಲೋಕಲ್ ಗಾಡಿಯದು. ಬಹುಳ ಯಾವುದು, ಶುದ್ಧ ಯಾವುದು ಎಂದು ನೆನಪಿಡುವವರು ಯಾರು? ಅದಕ್ಕೇ ಭಕ್ತಮಂಡಳಿಯವರು ವರ್ಷವರ್ಷವೂ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತಿದ್ದರು. ಎಡಕ್ಕೆ ತೀರಿಕೊಂಡವರ ಹೆಸರು, ನಡುವೆ ತಿಥಿ, ಬಲಕ್ಕೆ ಆ ವರ್ಷ ಅದು ಬೀಳುವ ತಾರೀಖು. ಹನ್ನೊಂದು ವರ್ಷ ಅದನ್ನು ಭಟ್ಟರು ಸೀಸದ ಅಚ್ಚುಮೊಳೆಯಲ್ಲಿ ಜೋಡಿಸಿದ್ದರು. ಹೆಸರಿಟ್ಟು, ಅದರ ಪಕ್ಕ ತಿಥಿಯಿಟ್ಟು, ತಾರೀಖಿಟ್ಟು, ಆಮೇಲೆ ಮುಂದಿನ ಸಾಲು. ಕೈ ಹಿಡಿದುಕೊಂಡು ತೊರೆ ದಾಟುವ ಮಕ್ಕಳ ಹಾಗೆ ಸಾಲಿನವರು ಒಟ್ಟಿಗೇ ದಾಟುತ್ತಿದ್ದರು.

ಈ ವರ್ಷ ಯಜಮಾನ ವಿರುಪಾಕ್ಷಪ್ಪ ಕಂಪ್ಯೂಟರ್ ತರಿಸಿದ್ದ. ಅದರ ಕ್ರಮವೇ ಬೇರೆ. ಮೊದಲು ಹೆಸರುಗಳನ್ನೆಲ್ಲ ಮೇಲಿನಿಂದ ಕೆಳಗೆ ಒಂದು ಕಂಬವಾಗಿ ಹೊಡೆಯಬೇಕು, ಆಮೇಲೆ ತಿಥಿಯ ಕಂಬ, ಆಮೇಲೆ ತಾರೀಖಿನದು.

ಭಟ್ಟರು ಪುಸ್ತಕ ಬಿಡಿಸಿ ತಾಯಿಯ ಹೆಸರಿನಿಂದ ಮೇಲಕ್ಕೆ ಬೆರಳು ಸರಿಸುತ್ತ ಹೋದರು. ಹಿರಿಯಡ್ಕ ಬೀಡು ಅನಂತಪದ್ಮನಾಭ ಉಪಾಧ್ಯಾಯರ ಹತ್ತಿರ ಬೆರಳು ನಿಂತಿತು. ಹೆಸರು ಉದ್ದವಾಗಿ ಎರಡು ಸಾಲಿಗೆ ಮುರಿದಿತ್ತು. ಅಲ್ಲಿಂದ ಕೆಳಗಿನ ಹೆಸರುಗಳೆಲ್ಲ ಒಂದು ಸಾಲು ಕೆಳಗಿಳಿದಿದ್ದವು. ತಿಥಿ, ತಾರೀಖು ಮಾತ್ರ ಇದ್ದಲ್ಲೇ ಇದ್ದವು. ಪ್ರತಿಯೊಬ್ಬರ ಎದುರಿಗೂ ಮುಂದಿನವರ ದಿನ. ಪುಟದ ಬುಡದಲ್ಲಿ ಒಂದು ಹೆಸರು ಒಂಟಿಯಾಗಿ ಉಳಿದಿದ್ದು ಅವರಿಗೆ ಈಗ ನೆನಪಾಯಿತು. ಅದರ ತಿಥಿ, ತಾರೀಖು ಹೊಡೆಯಲು ಮರೆತೆನೆಂದುಕೊಂಡು, ಮಂಡಳಿಯ ರಿಜಿಸ್ಟರ್ ನೋಡಿ ಅಲ್ಲಿ ಸೇರಿಸಿದ್ದರು. ಬುಡ ಸಮವಾಯಿತು, ಮನಸ್ಸಿಗೂ ಸಮಾಧಾನವಾಯಿತು.

"ಹದಿನಾಲ್ಕು ಜನ," ಅಂದರು.

ವಿರುಪಾಕ್ಷಪ್ಪ ನಕ್ಕ. "ಏನ್ರೀ ಭಟ್ಟರ, ಸತ್ತವರು ಕಂಪ್ಲೇಂಟ್ ಕೊಡಾಕ ಗಾಡಿ ಹಿಡದು ಬರ್ತಾರೇನು? ಒಂದು ತಿದ್ದುಪಡಿ ಚೀಟಿ ಹೊಡದು ಟಪಾಲಿಗೆ ಹಾಕಿಬಿಡ್ರಿ."

"ಟಪಾಲಿಗೆ ಹಾಕುವ ತಪ್ಪಲ್ಲ ಇದು ಯಜಮಾನ್ರೇ."

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಮೊಳೆಗಳನ್ನು ತೆಗೆದು, ಹದಿನಾಲ್ಕು ಚೀಟಿಗಳನ್ನು ಅವರು ಒಂದೊಂದಾಗಿ ಜೋಡಿಸಿದರು. ತಾಯಿಯದೂ ಸೇರಿತ್ತು, ಅದನ್ನು ಜನಿವಾರ ಮುಟ್ಟಿ ದೇವರ ಪಟದ ಹಿಂದೆ ಇಟ್ಟರು. ಉಳಿದವನ್ನು ಹಿಡಿದು ಮನೆಮನೆಗೆ ಹೊರಟರು. ಅಂಬರನಾಥದಲ್ಲಿ, "ನಾವು ಪಂಚಾಂಗ ನೋಡುವವರು ಭಟ್ರೇ, ನಿಮ್ಮ ಪುಸ್ತಕ ಉಪ್ಪಿನಕಾಯಿ ಭರಣಿ ಮುಚ್ಚಲಿಕ್ಕೆ ಲಾಯ್ಕುಂಟು" ಎಂದು ನಕ್ಕರು. ಕಲ್ಯಾಣದಲ್ಲಿ ತಾರೀಖು ಇನ್ನೂ ಮುಂದಿತ್ತು. ದೇವರು ದೊಡ್ಡವನು, ಹನ್ನೆರಡು ಮನೆ ಹಾಗೆಯೇ ದಾಟಿದವು. ಉಳಿದದ್ದು ಒಂದು. ತಾಯಿಯ ಹೆಸರಿನ ಮೇಲಿನ ಸಾಲು: ದಿವಾ ಜಂಕ್ಷನ್ನಿನ ಪಕ್ಕದ ಮನೆಯ ಶ್ರೀಪತಿ ರಾಯರು. ಅವರದು ಆಷಾಢ ಬಹುಳ ಅಷ್ಟಮಿ, ಜುಲೈ ಇಪ್ಪತ್ತಾರು. ದಿನ ಕಳೆದು ತಿಂಗಳಾಗಿತ್ತು.

ಅವರ ಹೆಂಡತಿ ನಳಿನಾಕ್ಷಿ ತುರ್ಭೆಯ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುವ ಹೆಂಗಸು. ಭಟ್ಟರನ್ನು ಕಂಡದ್ದೇ ಚಾಪೆ ಹಾಸಿದಳು.

"ಬನ್ನಿ ಸರ್ವೋತ್ತಮಣ್ಣ. ನಿಮ್ಮ ಪುಸ್ತಕಕ್ಕೆ ಕೈ ಮುಗಿಯಬೇಕು."

"ಎಂತ ಆಯ್ತಮ್ಮ?"

"ನಮ್ಮ ವಾದಿರಾಜ ಈ ಸಲ ಅಪ್ಪನ ಶ್ರಾದ್ಧಕ್ಕೆ ಕೂತ!" ಅವಳ ಮುಖ ಅರಳಿತು. "ಅಪ್ಪ ನಮ್ಮನ್ನು ಬಿಟ್ಟು ಬೇರೆ ಮನೆ ಮಾಡಿದ ಮೇಲೆ ಅವನು ಅಪ್ಪ ಅಂತ ಬಾಯಲ್ಲಿ ಹೇಳಿದವನಲ್ಲ. ಸತ್ತು ಆರು ವರ್ಷ, ಒಂದು ಹಿಡಿ ಎಳ್ಳುನೀರು ಬಿಟ್ಟವನಲ್ಲ. ತಿಥಿ ನನಗೂ ನೆನಪಿಲ್ಲ, ಈ ಸಲ ಪುಸ್ತಕ ತೋರಿಸಿದೆ. ನಾಗರಪಂಚಮಿ, ಭಾನುವಾರ, ರಜೆ. 'ಠೀಕ್ ಹೈ, ಏಕ್ ಬಾರ್. ಬಸ್' ಅಂದ, ಇದೊಂದೇ ಸಲ ಅಂತ. ಮಂತ್ರ ಎಲ್ಲ ಹಿಂದಿಯಲ್ಲಿ ಬರೆದುಕೊಂಡು ಓದಿದ. ಪಿಂಡ ಇಟ್ಟು ಈಚೆ ಬಂದದ್ದಷ್ಟೇ, ಕಾಗೆ ಬಂತು. ಅವನು ಗೋಡೆಗೆ ಒರಗಿ ಅತ್ತ ಸರ್ವೋತ್ತಮಣ್ಣ. 'ಆಯೇ, ಮಾ. ಪಿತಾಜೀ ಆಯೇ' ಅಂದ, ಅಪ್ಪ ಬಂದ್ರು ಅಂತ."

ತಿಥಿಯ ದಿನ ಹೋದವರು ಹಸಿದು ಬಂದು ಹೊಸ್ತಿಲಾಚೆ ನಿಲ್ಲುತ್ತಾರೆಂದು ಹಿರಿಯರು ಹೇಳುತ್ತಾರೆ. ಕರೆದರೆ ಉಂಡು ಹರಸುತ್ತಾರೆ. ಕರೆಯದಿದ್ದರೆ ಸಂಜೆಯವರೆಗೆ ಕಾದು ತಿರುಗಿ ಹೋಗುತ್ತಾರೆ. ಚೀಟಿಯನ್ನು ಜೇಬಿನಲ್ಲೇ ಬಿಟ್ಟು ಎದ್ದು ಹೋಗಿಬಿಡಲೇ ಎಂದು ಭಟ್ಟರಿಗೆ ಅನ್ನಿಸಿತು. ಆದರೆ ಹೋದವರ ದಿನವನ್ನು ಬಚ್ಚಿಡಲು ತಾನು ಯಾರು? ಚೀಟಿ ಕೊಟ್ಟರು. ತಪ್ಪು ನನ್ನದು ಎಂದರು. ಹೆಸರು ಜಾರಿದ್ದನ್ನು ನೆಲದ ಮೇಲೆ ಬೆರಳಲ್ಲಿ ಗೀಚಿ ತೋರಿಸಿದರು. ನಾಗರಪಂಚಮಿ ತನ್ನ ತಾಯಿಯ ದಿನವೆಂಬುದನ್ನೂ ಹೇಳಿದರು.

ನಳಿನಾಕ್ಷಿ ಚೀಟಿಯನ್ನು ಎರಡು ಸಲ ಓದಿದಳು. ಹೊರಗೆ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯೊಂದು ಮುಗಿಯದಂತೆ ಹೋಗುತ್ತಲೇ ಇತ್ತು.

"ಇಪ್ಪತ್ತಾರು, ಬುಧವಾರ," ಅಂದಳು ಕೊನೆಗೆ. "ಆ ದಿನ ಹೋಟೆಲಿನಲ್ಲಿ ಮಾಲಕರಿಗೆ ಮೊಮ್ಮಗ ಹುಟ್ಟಿದ್ದು. ಎಲ್ಲರಿಗೂ ಕರಿದ ಈರುಳ್ಳಿ ಬಜೆ ಕೊಟ್ರು. ನಾನು ಎರಡು ಸಲ ಕೇಳಿ ತಿಂದೆ. ತಿಂದು ನಗಾಡಿದೆ. ಅವರು ಬಂದು ನಿಂತಿದ್ರೋ ಏನೋ."

"ಮಹಾಲಯ ಅಮಾವಾಸ್ಯೆ ಉಂಟಲ್ಲಮ್ಮ. ತಪ್ಪಿದ್ದಕ್ಕೆಲ್ಲ ಆ ದಿನ ದಾರಿ ಉಂಟು. ಮಗನನ್ನು ಇನ್ನೊಮ್ಮೆ..."

"ಅವನು ಇನ್ನೊಮ್ಮೆ ಕೂರುವುದಿಲ್ಲ." ಅವಳ ದನಿ ಏರಲಿಲ್ಲ. "ಆ ಕಾಗೆ ಅಪ್ಪನದ್ದು ಅಂತ ನಂಬಿ ಅತ್ತಿದ್ದಾನೆ. ಅಪ್ಪನ ಫೋಟೋವನ್ನು ಟ್ರಂಕಿನಿಂದ ತೆಗೆದು ಅವನೇ ಒರೆಸಿದ್ದಾನೆ. ಈಗ ಬೇರೆಯವರ ದಿನ ಅಂತ ಗೊತ್ತಾದರೆ, ದೇವರು, ಪುಸ್ತಕ, ನಾನು, ಎಲ್ಲ ಸುಳ್ಳು ಅಂತಾನೆ. ಅವರು ಸತ್ತದ್ದು ಒಂದು ಸಲ, ಅಣ್ಣ. ಇನ್ನೊಮ್ಮೆ ಸಾಯಿಸುವುದು ಬೇಡ."

"ಅವರ ಹಸಿವೆ?"

"ನಾನುಂಟಲ್ಲ. ಬದುಕಿದ್ದಾಗಲೂ ಒಂಬತ್ತು ವರ್ಷ ಅನ್ನ ಮುಚ್ಚಿಟ್ಟು ಕಾದವಳೇ ನಾನು."

ಅಷ್ಟರಲ್ಲಿ ಹಾಲಿನ ಚೀಲ ಹಿಡಿದು ವಾದಿರಾಜ ಬಂದ. ತಾಯಿಯ ಕೈಯಲ್ಲಿದ್ದ ಚೀಟಿ ನೋಡಿ ಕೇಳಿದ: "ಮಾ, ಯೇ ಕಾಗಜ್ ಕ್ಯಾ ಹೈ?"

ಕನ್ನಡ ಅಕ್ಷರ ಅವನಿಗೆ ಬಾರದು, ಅಂಕಿ ಬರುತ್ತದೆ.

"ಭಟ್ಟರದ್ದು. ಅವರಿಗೇ ಬೇಕಾದದ್ದು," ಅಂದಳು ನಳಿನಾಕ್ಷಿ. ಮಡಿಸಿದ ಚೀಟಿಯನ್ನು ಭಟ್ಟರ ಅಂಗೈಯಲ್ಲಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದಳು.