ಕೋಚ್ ಟ್ಯಾಕೆಟ್ ಮರಳಿ ಬಂದದ್ದು

"ಕೂತ್ಕೊಳ್ಳಿ ಕೋಚ್. ನಿಮಗೆಂಥ ಸಂದರ್ಶನ! ನಮ್ಮ ಮನೆಯವರನ್ನೇ ಯಾರು ನೀವು ಅಂತ ಕೇಳೋಕಾಗುತ್ತಾ?" ಎಂದು ನಗುತ್ತ ಹಾರ್ಲನ್ ಮೀಕ್ಸ್ ಕುರ್ಚಿ ಎಳೆದುಕೊಟ್ಟ. ಟ್ರ್ಯಾಕ್ಟರ್ ಮಾರುವ ಮೀಕ್ಸ್ ಈಗ ಹ್ಯಾಡ್ಲಿ ಹೈಸ್ಕೂಲಿನ ಆಡಳಿತ ಮಂಡಳಿಗೆ ಅಧ್ಯಕ್ಷ. ರಾಯ್ಸ್ ಟ್ಯಾಕೆಟ್ ಕೂರುತ್ತ ಮೇಜಿನ ಸುತ್ತ ಕಣ್ಣಾಡಿಸಿದ. ಎಲ್ಲ ಗುರುತಿನ ಮುಖಗಳೇ. ಕೊನೆಯಲ್ಲಿ, ಕಿಟಕಿಯ ಪಕ್ಕ, ಲೊರೇನ್ ಪೆಟ್ವೇ ಕೂತಿದ್ದಳು. ಅವಳು ಮಂಡಳಿಗೆ ಆಯ್ಕೆಯಾಗಿರುವುದು ಅವನಿಗೆ ಗೊತ್ತಿರಲಿಲ್ಲ.

ಅವಳ ಮಗ ಟೇವಿಸ್ ಇದೇ ಶಾಲೆಯಲ್ಲಿ ಟ್ಯಾಕೆಟ್‌ನ ಕೈಯಲ್ಲಿ ಅಮೆರಿಕನ್ ಫುಟ್‌ಬಾಲ್‌ಗೆ ತಯಾರಾದವನು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಹುಡುಗ ನುಗ್ಗಿದರೆ ಅಲಬಾಮಾದ ಆ ಮೂಲೆಯಲ್ಲಿ ಅವನನ್ನು ಕೆಡವುವವರಿರಲಿಲ್ಲ. ಅವನ ಆಟವಿದ್ದ ಶುಕ್ರವಾರ ಊರಿನ ಅಂಗಡಿಗಳು ಬೇಗ ಬಾಗಿಲು ಹಾಕುತ್ತಿದ್ದವು. ಅವನ ಬೆನ್ನು ಬಿದ್ದಿದ್ದ ಕಾಲೇಜೊಂದು, ಹುಡುಗನನ್ನು ಕರೆತಂದರೆ ನಿಮಗೂ ಕೋಚ್ ಕೆಲಸವಿದೆ ಎಂದು ಟ್ಯಾಕೆಟ್‌ನ ಕಿವಿಗೆ ಹಾಕಿತು. ಅಷ್ಟು ವರ್ಷ ಕಾಲೇಜಿನ ಕರೆಗೆ ಕಾದು ಕೂತಿದ್ದವನು ಅಂದೇ ಲೊರೇನಳ ಅಡುಗೆಮನೆಗೆ ಹೋದ. ಅವಳು ಹುರಿದ ಮೀನು ಬಡಿಸಿದಳು.

"ಇದಕ್ಕಿಂತ ದೊಡ್ಡ ಕಾಲೇಜಿನವರೂ ಕೇಳ್ತಿದ್ದಾರೆ ಕೋಚ್. ನಿಮ್ಮ ಮುಖ ನೋಡಿ ಕಳಿಸ್ತೀನಿ. ಅವನ ಓದು ಮುಗಿಯೋವರೆಗೂ ಜೊತೆಗಿರ್ತೀರಿ ತಾನೆ?"

"ಇರ್ತೀನಮ್ಮ. ಅವನು ನನ್ನ ಮಗ ಇದ್ದ ಹಾಗೆ."

ಇಬ್ಬರೂ ಆ ಕಾಲೇಜು ಸೇರಿದ ಎರಡನೆಯ ವರ್ಷ ಜಾರ್ಜಿಯಾದ ದೊಡ್ಡ ಕಾಲೇಜು ಟ್ಯಾಕೆಟ್‌ನನ್ನು ಕರೆಯಿತು. ಅವನೊಬ್ಬನನ್ನೇ. ಅವನು ಹೋದ. ಟೇವಿಸ್‌ಗೆ ಸುದ್ದಿ ತಿಳಿದದ್ದು ಟಿವಿಯಿಂದ. ಟ್ಯಾಕೆಟ್‌ನ ಜಾಗಕ್ಕೆ ಬಂದ ಕೋಚ್ ಹುಡುಗನನ್ನು ಊದಿದ ಮಂಡಿಯಲ್ಲೇ ಆಡಿಸಿದ. ಮಂಡಿ ಹೋಯಿತು, ಅದರ ಹಿಂದೆಯೇ ವಿದ್ಯಾರ್ಥಿವೇತನವೂ ಹೋಯಿತು. ಜಾರ್ಜಿಯಾದಲ್ಲಿ ತಂಡ ಸೋಲುತ್ತಲೇ ಹೋದಾಗ ಅಲ್ಲಿಯವರು ಕೋಚ್‌ಗಳನ್ನೆಲ್ಲ ಒಟ್ಟಿಗೆ ಮನೆಗೆ ಕಳಿಸಿದರು. ಆಮೇಲೆ ಟ್ಯಾಕೆಟ್‌ನ ಫೋನನ್ನು ಯಾರೂ ಎತ್ತಲಿಲ್ಲ. ಹ್ಯಾಡ್ಲಿಯಲ್ಲಿ ಹಳೆಯ ಕೆಲಸ ಖಾಲಿ ಇದೆಯೆಂದು ಕೇಳಿ ಬಂದಿದ್ದ.

"ಖಾಲಿ ಅಂತ ನಾವು ಹೇಳ್ತಿದ್ದೀವಿ," ಎಂದಳು ಲೊರೇನ್. "ಹೋದ ವರ್ಷದಿಂದ ಟೀಮ್ ನೋಡ್ಕೊಳ್ತಿರೋದು ಯಾರು ಅಂತ ಇವರಿಗೆ ಹೇಳಿದ್ಯಾ ಹಾರ್ಲನ್?"

ಮೀಕ್ಸ್ ಕೆಮ್ಮಿದ. "ಟೇವಿಸ್ ಒಳ್ಳೆ ಹುಡುಗಾನೇ. ಆದ್ರೂ ತಾತ್ಕಾಲಿಕ ಅಂತಲೇ ತಗೊಂಡಿದ್ದು. ಮೇಲಿಂದ ಮೇಲೆ ಸೋತ. ಪೆಟ್ರೋಲ್ ಬಂಕ್‌ನಲ್ಲಿ ನಿಂತ್ರೆ ಜನ ನನಗೆ ಉಗೀತಾರೆ."

ಟ್ಯಾಕೆಟ್ ಆಗ ಎದ್ದು ಹೋಗಬಹುದಿತ್ತು. ಜಾರ್ಜಿಯಾದ ಬಾಡಿಗೆ ಕೋಣೆ, ತಂಗಿಯ ಮನೆ ಸೇರಿದ ಹೆಂಡತಿ, ಬೆಳಗಾದರೆ ಹೋಗಲು ಒಂದು ಮೈದಾನವೂ ಇಲ್ಲದ ದಿನಗಳು ನೆನಪಾದವು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ.

"ನನ್ನ ಮಗನ ವಿಷಯ, ನಾನು ಮತ ಹಾಕಲ್ಲ," ಎಂದಳು ಲೊರೇನ್. "ಆಟ ಕಲಿಸೋದ್ರಲ್ಲಿ ಇವರನ್ನ ಮೀರಿಸೋರಿಲ್ಲ, ಅದನ್ನ ಬೇಕಾದ್ರೆ ನಾನೇ ಹೇಳ್ತೀನಿ. ಒಂದೇ ಷರತ್ತು ಹಾಕಿ. ಯಾವ ತಾಯಿಯ ಅಡುಗೆಮನೇಲೂ ಕೂತು ಇವರು ಮಾತು ಕೊಡಬಾರದು."

ಟ್ಯಾಕೆಟ್ ಮೇಜಿನ ಕಡೆ ಬಗ್ಗಿದ. "ಟೇವಿಸ್ ನನ್ನ ಜೊತೆಗೇ ಇರ್ಲಿ. ಅವನ ಕೆಲ್ಸಕ್ಕೆ ಏನೂ ಆಗದ ಹಾಗೆ ನಾನು ನೋಡ್ಕೋತೀನಿ."

"ನೋಡಿ," ಎಂದಳು ಲೊರೇನ್ ಉಳಿದವರ ಕಡೆ ತಿರುಗಿ, "ಆಗಲೇ ಶುರು ಮಾಡಿದ್ರು."

ಅವಳನ್ನು ಬಿಟ್ಟು ಎಲ್ಲರೂ ಕೈಯೆತ್ತಿದರು.

ಸೋಮವಾರ ಮಧ್ಯಾಹ್ನ ಟ್ಯಾಕೆಟ್ ಮೈದಾನಕ್ಕೆ ಇಳಿದಾಗ ಟೇವಿಸ್ ಹುಡುಗರಿಗೆ ಪೆಟ್ಟಾಗದಂತೆ ಬೀಳುವುದನ್ನು ಹೇಳಿಕೊಡುತ್ತಿದ್ದ. ತಾನು ಬಿದ್ದು ತೋರಿಸುವಂತಿರಲಿಲ್ಲ. ಬಾಯಲ್ಲೇ ಹೇಳುತ್ತಿದ್ದ. ಟ್ಯಾಕೆಟ್‌ನನ್ನು ಕಂಡು ಎಡಗಾಲು ಎಳೆಯುತ್ತ ಹತ್ತಿರ ಬಂದ.

"ಕೆಲ್ಸ ಸಿಕ್ತಂತೆ ಕೋಚ್."

"ಇಲ್ಲಿ ನೀನಿದ್ದೀಯ ಅಂತ ಬರೋವಾಗ ನಂಗೆ ಗೊತ್ತಿರ್ಲಿಲ್ಲ ಕಣೋ."

"ಗೊತ್ತಾದ್ಮೇಲೆ?"

ಟ್ಯಾಕೆಟ್ ಸೀಟಿಯನ್ನು ಬಾಯಿಗಿಟ್ಟು ಜೋರಾಗಿ ಊದಿದ. ಶಿರಸ್ತ್ರಾಣ ಕೈಯಲ್ಲಿ ಹಿಡಿದು ನಿಂತಿದ್ದ ಹುಡುಗರು ಅಲ್ಲಾಡಲಿಲ್ಲ. ಎಲ್ಲರ ಕಣ್ಣೂ ಟೇವಿಸ್ ಮೇಲಿತ್ತು. ಅವನು ಪಕ್ಕದಲ್ಲಿದ್ದವನ ಭುಜದ ಕವಚದ ಪಟ್ಟಿ ಬಿಗಿದು, ಒಮ್ಮೆ ಜಗ್ಗಿ ನೋಡಿದ.

"ಹೋಗ್ರೋ," ಎಂದ ಮೆಲ್ಲಗೆ. "ನಿಮ್ಮ ಕೋಚ್ ಕರೀತಿದ್ದಾರೆ."

ಹುಡುಗರು ಓಡಿದರು. ಹುಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದ ಕಿತ್ತಳೆ ಬಣ್ಣದ ಕೋನ್‌ಗಳನ್ನು ಟೇವಿಸ್ ಎತ್ತತೊಡಗಿದ. ಮಂಡಿ ಮಡಿಸಲಾರದೆ, ಒಂದೊಂದಕ್ಕೂ ಸೊಂಟದಿಂದಲೇ ಬಗ್ಗಿ, ಒಂದರೊಳಗೊಂದು ಸೇರಿಸಿಕೊಳ್ಳುತ್ತ ಮೈದಾನದ ಆ ತುದಿಯವರೆಗೂ ಹೋದ.